ಬದನೆಯ ಬೇರಿಗೆ ಗಾಳಿ ಹೊಡೆದದ್ದು

ನನ್ನ ಮಾವನವರಿಗೆ ಕುಲಗೋಡದಲ್ಲಿ ಕಣ್ಣು ಮುಚ್ಚಿ ಬಿತ್ತಿದರೂ ಬೆಳೆ ಬರುವಂಥ ಎರೆಹೊಲವಿತ್ತು. ಅಂಥವರ ಮಗ, ನನ್ನ ಯಜಮಾನರು, ಗೋಕಾಕದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರಾಗಿ, ಮಣ್ಣೇ ಇಲ್ಲದೆ ಬದನೆಕಾಯಿ ಬೆಳೆಯಲು ಹೊರಟರು. ಸ್ವಾತಂತ್ರ್ಯ ಬಂದು ಇನ್ನೂ ಹತ್ತು ವರ್ಷವಾಗಿರಲಿಲ್ಲ. ಆಗ ಏನು ಬೇಕಾದರೂ ಆದೀತು ಎಂದು ಎಲ್ಲರಿಗೂ ಅನಿಸುತ್ತಿತ್ತು.

ಯಾವುದೋ ಇಂಗ್ಲಿಷ್ ಮಾಸಪತ್ರಿಕೆಯಲ್ಲಿ ಓದಿದ್ದರಂತೆ. ಹಿತ್ತಲಲ್ಲಿ ಬಟ್ಟೆ ಒಗೆಯಲು ನೀರು ತುಂಬಿಡುವ ಸಿಮೆಂಟಿನ ತೊಟ್ಟಿಯಿತ್ತು. ಅದರಲ್ಲಿ ಗೊಬ್ಬರ ಕರಗಿಸಿ, ಮೇಲೆ ತೂತು ಕೊರೆದ ಹಲಗೆ ಹಾಸಿ, ಬೇರು ನೀರಿಗೆ ಇಳಿಯುವಂತೆ ಸಸಿಗಳನ್ನು ನಿಲ್ಲಿಸಿದರು. ನಾನು ಬಟ್ಟೆ ಹೊತ್ತು ಹೊಳೆಗೆ ಹೋಗತೊಡಗಿದೆ. ವಿಜ್ಞಾನಕ್ಕೆ ನಾನು ಸಲ್ಲಿಸಿದ ಮೊದಲ ಸೇವೆ ಅದು.

ಅದೇ ಹೊತ್ತಿಗೆ ಮಾವನವರು ಉಬ್ಬಸಕ್ಕೆ ಔಷಧ ಮಾಡಿಸಿಕೊಳ್ಳಲು ಅತ್ತೆಯೊಂದಿಗೆ ನಮ್ಮ ಮನೆಗೆ ಬಂದರು. ತೊಟ್ಟಿ ನೋಡಿ, "ಹೊಲ ಬ್ಯಾಸರಾತೇನೋ ನಿನಗ?" ಎಂದಷ್ಟೇ ಕೇಳಿದರು.

ಸಸಿಗಳು ಕೆಲವು ದಿನ ನಳನಳಿಸಿ, ಆಮೇಲೆ ಕುತ್ತಿಗೆಯವರೆಗೆ ನೀರಿದ್ದೂ ಬಾಡಿ ಜೋತುಬಿದ್ದವು. ಹಲಗೆ ಎತ್ತಿದರೆ ಬೇರುಗಳು ಕಂದುಬಣ್ಣಕ್ಕೆ ತಿರುಗಿ, ಲೋಳೆಗಟ್ಟಿ ನಾರುತ್ತಿದ್ದವು. ಯಜಮಾನರು ಮತ್ತೆ ಪತ್ರಿಕೆ ತೆರೆದರು. ಹಿಂದೆ ಓದದೆ ಬಿಟ್ಟ ಪುಟದಲ್ಲಿ ಕಾರಣವಿತ್ತು.

"ಬೇರಿಗೂ ಉಸುರು ಬೇಕಂತ, ಅಪ್ಪಾ. ನಿಂತ ನೀರಾಗ ಗಾಳಿ ತೀರಿಹೋಗೇತಿ. ನಾವ ಹಾಕಬೇಕು."

ನಾನು ನಗು ತಡೆದುಕೊಂಡೆ. ಮಾವನವರು ನಗಲಿಲ್ಲ. ಲೋಳೆಗಟ್ಟಿದ ಒಂದು ಬೇರನ್ನು ಬೆರಳಿಂದ ಎತ್ತಿ ನೋಡಿ, "ಉಸುರು ಸಿಗಲಿಲ್ಲಂದ್ರ ಹೆಂಗ ಆಕ್ಕೈತಿ ಅನ್ನೂದು ನನಗ ಗೊತ್ತೈತಿ. ಲಗೂ ಏನರ ಮಾಡು," ಎಂದರು.

ಯಜಮಾನರು ಸೈಕಲ್ ಅಂಗಡಿಗೆ ಓಡಿ, ಹಳೆಯ ಟ್ಯೂಬಿಗೆ ಸೂಜಿಯಿಂದ ಒತ್ತಾಗಿ ತೂತು ಮಾಡಿಕೊಡಲು ಕೇಳಿದರು. ಅಂಗಡಿಯ ಚಾಚಾ ದಂಗಾದನಂತೆ. "ಊರ ಮಂದಿಯೆಲ್ಲಾ ಪಂಕ್ಚರ್ ತೆಗಸಾಕ ಬರ್ತಾರ, ಮಾಸ್ತರ. ನೀವು ಹಾಕಸಾಕ ಬಂದೀರಲ್ರಿ!"

ಆ ಟ್ಯೂಬನ್ನು ಕಲ್ಲು ಕಟ್ಟಿ ತೊಟ್ಟಿಯ ತಳಕ್ಕಿಳಿಸಿ, ಅದರ ಬಾಯನ್ನು ಹೊರಗಿಟ್ಟು ಪಂಪು ಸಿಕ್ಕಿಸಿದರು. ಒಂದು ಸಲ ಒತ್ತಿದರೆ ನೀರಿನ ತುಂಬ ಗುಳ್ಳೆ. ಆದರೆ ಕೈ ಬಿಟ್ಟರೆ ಗುಳ್ಳೆಯೂ ಇಲ್ಲ. ಯಜಮಾನರು ಹಗಲೆಲ್ಲ ಶಾಲೆಯಲ್ಲಿ. ಉಬ್ಬಸದಿಂದಾಗಿ ಮಾವನವರು ಪಂಪು ಮುಟ್ಟುವಂತಿರಲಿಲ್ಲ. ಆದ್ದರಿಂದ ಅವರು ತೊಟ್ಟಿಯ ಪಕ್ಕ ಹೊರಸು ಹಾಕಿಸಿಕೊಂಡು ಅಧಿಕಾರ ವಹಿಸಿಕೊಂಡರು.

ಅವರ ಆರೋಗ್ಯ ವಿಚಾರಿಸಲು ಕೌಜಲಗಿ, ತುಕ್ಕಾನಟ್ಟಿಗಳಿಂದ ಬೀಗರು ಬರುತ್ತಿದ್ದರು. "ಈಗ ಹೆಂಗದೀರಿ?" ಎನ್ನುವಷ್ಟರಲ್ಲಿ ಮಾವನವರು ಪಂಪು ತೋರಿಸಿ, "ನಾ ಆರಾಮದೇನಿ. ಅವಕ್ಕ ಆರಾಮಿಲ್ಲ. ಹೊಡೀರಿ," ಎನ್ನುತ್ತಿದ್ದರು. ಗಾಳಿ ಹೊಡೆಯದವರಿಗೆ ಚಹಾ ಇಲ್ಲ. ಉಬ್ಬಸದವರನ್ನು ನೋಡಲು ಬಂದವರು ಏದುಸಿರು ಬಿಡುತ್ತ ಬಸ್ಸು ಹತ್ತುತ್ತಿದ್ದರು. ಒಬ್ಬ ಬೀಗರಂತೂ, "ಮಾವಾರಿಗೆ ತಲಿಗೇನರ ಆಗೈತೇನವಾ?" ಎಂದು ನನ್ನನ್ನು ಒಳಗೆ ಕರೆದು ಕೇಳಿದರು. ಅಷ್ಟು ಹೊತ್ತಿಗೆ ಹಳೆಯ ಬೇರುಗಳ ನಡುವೆ ಹೊಸವು ಬೆಳ್ಳಗೆ ಚಿಗುರಿದ್ದವು. ಮಾವನವರು ದಿನಾ ಹಲಗೆ ಎತ್ತಿಸಿ ನೋಡಿ, ತಮ್ಮ ಎದೆಯ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದರು. ಅವರ ಉಬ್ಬಸ ಮಾತ್ರ ಇದ್ದಂತೆಯೇ ಇತ್ತು.

ಕೊನೆಗೆ ಒಂದು ಬೊಗಸೆಯಷ್ಟು ಬದನೆಕಾಯಿ ಬಂದವು. ಗಾಳಿ ಹೊಡೆದವರೆಲ್ಲ ಪಾಲು ಕೇಳಲು ಬಂದಾಗ ಅತ್ತೆ ಗುಟ್ಟಾಗಿ ಸಂತೆಯಿಂದ ಒಂದು ಚೀಲ ಬದನೆಕಾಯಿ ತರಿಸಿ, ಎರಡನ್ನೂ ಬೆರೆಸಿ ಎಣ್ಣೆಗಾಯಿ ಮಾಡಿದರು. ಯಜಮಾನರು ಒಂದನ್ನು ಕಣ್ಣು ಮುಚ್ಚಿ ಚಪ್ಪರಿಸಿ, "ನೋಡ್ರಿ, ಇದಕ್ಕ ಮಣ್ಣಿನ ವಾಸನಿ ಎಳ್ಳಷ್ಟೂ ಇಲ್ಲ!" ಎಂದರು. ಬೀಗರೆಲ್ಲ ತಲೆಯಾಡಿಸಿದರು. ಅತ್ತೆ ಮಗನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು.