ಫೀಸು ಬೇಡವೆಂದ ವಕೀಲರು

ಮುಂಬಯಿ ಹತ್ತಿರದ ದಿವಾದಲ್ಲಿ, ರೈಲು ಹಳಿಯ ಪಕ್ಕದ ಚಾಳಿನಲ್ಲಿ ಕಿಟ್ಟಣ್ಣ ಕೆಮ್ಮಿದರೆ ಲೋಕಲ್ ಗಾಡಿಯ ಮೋಟರ್‌ಮನ್ ಬೆಚ್ಚಿ ಬ್ರೇಕು ಹಾಕುತ್ತಿದ್ದನಂತೆ. ಡೊಂಬಿವಲಿಯ ತನ್ನ ಹೋಟೆಲಿನ ಗಲ್ಲಾದಲ್ಲಿ ಕೂತು ಹೀಗೆ ಹೇಳಿ ನಗುತ್ತಿದ್ದವನು ಕಿಟ್ಟಣ್ಣನ ತಂಗಿಯ ಗಂಡ ಗುಣಪಾಲ. ನಗು ಮುಗಿದ ಕೂಡಲೇ ಎಣಿಸಿಟ್ಟ ಚಿಲ್ಲರೆಯನ್ನೇ ಮತ್ತೆ ಎಣಿಸತೊಡಗುತ್ತಿದ್ದ.

ಕಿಟ್ಟಣ್ಣ ಆಯುಷ್ಯವಿಡೀ ಕಾರ್ಖಾನೆಯಲ್ಲಿ ಆಸ್ಬೆಸ್ಟಾಸ್ ಶೀಟು ಕೊಯ್ದವನು. ಸಂಜೆ ಮನೆಗೆ ಬಂದರೆ ಹಿಟ್ಟಿನ ಗಿರಣಿಯೊಳಗೆ ಬಿದ್ದೆದ್ದು ಬಂದವನಂತೆ ಕಾಣುತ್ತಿದ್ದ. ೨೦೦೮ರಲ್ಲಿ ಡಾಕ್ಟರು, ಆ ಧೂಳೇ ಶ್ವಾಸಕೋಶದಲ್ಲಿ ಕೂತಿದೆ ಎಂದರು. ನಷ್ಟಪರಿಹಾರದ ಕೇಸಿಗೆ ವಕೀಲರನ್ನು ಹುಡುಕುವ ಹೊಣೆ ಹೊತ್ತವನು ಗುಣಪಾಲ.

"ಥಾಣೆ ಕೋರ್ಟಿನ ಹೊರಗೆ ಕಾಗೆಗಳಿಗಿಂತ ಕರಿಕೋಟುಗಳೇ ಹೆಚ್ಚು. ಯಾರನ್ನು ನಂಬುದು? ನಮ್ಮವರೇ ಆಗ್ಬೇಕು" ಎಂದವನೇ ಕನ್ನಡ ಸಂಘದ ಪರಿಚಯದ ಮೇಲೆ ಕೋಪರಿಯ ವಕೀಲ ಪುಂಡರೀಕಾಕ್ಷ ರಾಯರನ್ನು ಹಿಡಿದ.

ರಾಯರು ಒಳ್ಳೆಯವರು. ಮೇಲಿನ ಮನೆಯ ಬಚ್ಚಲು ಕೆಳಗಿನ ಮನೆಗೆ ಸೋರಿದರೆ ಬ್ರಹ್ಮದೇವರನ್ನೂ ಕಟಕಟೆಗೆ ಎಳೆಯಬಲ್ಲವರು. ಹೌಸಿಂಗ್ ಸೊಸೈಟಿಯ ಜಗಳ ಬಿಟ್ಟರೆ ಬೇರೆ ಕೇಸನ್ನೇ ಅವರು ಕಂಡಿಲ್ಲವೆಂಬುದು ಮೊದಲ ವರ್ಷವೇ ಗೊತ್ತಾಯಿತು. ಆದರೆ ಅವರು, "ನಮ್ಮವರ ಹತ್ರ ಫೀಸಾ? ಛೆ!" ಎಂದುಬಿಟ್ಟಿದ್ದರು. ಫೀಸು ತೆಗೆದುಕೊಂಡ ವಕೀಲರನ್ನು ಬೈಯಬಹುದು. ಬೇಡವೆಂದವರನ್ನು ಬೈಯುವುದು ಹೇಗೆ? ಗುಣಪಾಲ ಪ್ರತಿ ಶನಿವಾರ ಅವರ ಮನೆಗೆ ಬನ್ಸ್ ಪಾರ್ಸೆಲ್ ಕಳಿಸುತ್ತಾ ಹೋದ. ಕೇಸಿಗೆ ಮುಂದಿನ ತಾರೀಕು ಬೀಳುತ್ತಾ ಹೋಯಿತು. ಆ ತಾರೀಕುಗಳನ್ನು ಪೇರಿಸಿದ್ದರೆ ಲೋಕಲ್ ಗಾಡಿ ಹಾಯುವ ಪಾರಸಿಕ್ ಸುರಂಗವೇ ಮುಚ್ಚಿಹೋಗುತ್ತಿತ್ತು.

ಮೂರು ವರ್ಷದಲ್ಲಿ ಕಿಟ್ಟಣ್ಣ ಅಂಗಿಯ ಗುಂಡಿ ಹಾಕುವಾಗಲೂ ನಡುವೆ ಕೂತು ಸುಧಾರಿಸಿಕೊಳ್ಳುವಂತಾದ.

"ನನ್ನ ಅಣ್ಣನ ಉಸಿರು ದೊಡ್ಡದಾ, ನಿಮ್ಮ ದಾಕ್ಷಿಣ್ಯ ದೊಡ್ಡದಾ?" ಎಂದು ರತ್ನಾವತಿ ಗಂಡನ ಮುಂದೆ ತಟ್ಟೆ ಕುಕ್ಕಿದಳು. ಕಾರ್ಮಿಕರ ಕೇಸು ನಡೆಸುವ ಕಲ್ಯಾಣದ ಮರಾಠಿ ವಕೀಲೆಯೊಬ್ಬಳನ್ನು ವಿಚಾರಿಸಿ ಹಿಡಿದವಳೂ ಅವಳೇ. ವಕೀಲೆ ಮುಖ ನೋಡದೆ ಫೀಸು ಹೇಳಿದಳು. "ಲೇಕಿನ್ ಪೆಹಲೆ ಎನ್‌ಒಸಿ ಲಾವೋ" ಎಂದಳು. ಮೊದಲು ತರಬೇಕಾದದ್ದು, ಕೇಸು ಬಿಟ್ಟುಕೊಡಲು ಅಡ್ಡಿಯಿಲ್ಲವೆಂಬ ಹಳೆಯ ವಕೀಲರ ಸಹಿ.

ಗುಣಪಾಲ ಕೋಪರಿಗೆ ಹೋದ. ಬನ್ಸ್ ಕೊಟ್ಟು ಬಂದ. ಮತ್ತೆ ಹೋದ, ಚಹಾ ಕುಡಿದು ಬಂದ. ಕೊನೆಗೊಂದು ದಿನ ಬೆವರುತ್ತಾ ಬಾಯಿಬಿಟ್ಟ. "ರಾಯರೇ, ತಪ್ಪು ತಿಳ್ಕೊಳ್ಬಾರದು, ಆ ಕೇಸು ಬೇರೆಯವರಿಗೆ..."

ಮಾತು ಮುಗಿಯುವ ಮೊದಲೇ ರಾಯರು ಪೆನ್ನಿನ ಟೊಪ್ಪಿ ತೆಗೆದಿದ್ದರು. "ಬದುಕಿಸಿದಿರಿ ಮಾರಾಯ್ರೆ! ಆ ಕಾನೂನು ನನ್ನ ತಲೆಗೆ ಹತ್ತುದೇ ಇಲ್ಲ. ನೀವು ನೋಡಿದ್ರೆ ವಾರ ವಾರ ಬನ್ಸ್ ಕಳಿಸ್ತೀರಿ. ಆಗುದಿಲ್ಲ ಅಂತ ಹೇಗೆ ಹೇಳುದು?"

ಗುಣಪಾಲ ಆ ಸಹಿ ಹಿಡಿದು ದಿವಾಕ್ಕೆ ಬಂದು ಎಲ್ಲವನ್ನೂ ಹೇಳಿದಾಗ ಕಿಟ್ಟಣ್ಣ ನಗಲು ಹೋಗಿ ಕೆಮ್ಮಿದ.

"ರಾಯರಿಂದ ಆಗುದಿಲ್ಲಾಂತ ನನಗೂ ಗೊತ್ತಿತ್ತು ಭಾವ. ನೀವು ಅಷ್ಟು ಓಡಾಡ್ತಿದ್ದಿರಿ. ಹೇಗೆ ಹೇಳುದು?" ತಡೆದು ಕೇಳಿದ, "ಈ ಹೊಸ ವಕೀಲೆಗೆ ಫೀಸು ಉಂಟಾ?"

"ಉಂಟು ಭಾವ. ಪೂರ್ತಿ ಕೊಡ್ತೇನೆ."

"ಒಳ್ಳೇದಾಯ್ತು. ಬೈಯಬಹುದು."

ಗುಣಪಾಲನಿಗೆ ಈ ಸಲ ಮೋಟರ್‌ಮನ್ ನೆನಪಾಗಲಿಲ್ಲ. ಬಗ್ಗಿ ಕಿಟ್ಟಣ್ಣನ ಅಂಗಿಯ ಗುಂಡಿ ಹಾಕುತ್ತಾ, "ನನಗೂ ಸ್ವಲ್ಪ ಬೈಯಿರಿ ಭಾವ" ಎಂದ.

ಕಿಟ್ಟಣ್ಣ ಬಾಯಿ ತೆರೆದ. ಬೈಯುವಷ್ಟು ಉಸಿರು ಅವನಲ್ಲಿರಲಿಲ್ಲ.