ಒಂದು ದಿನ ಮುಂಚೆ ಹಣ್ಣಾದ ಹುಳ

ಮುನಿಯಲ್ಲಮ್ಮನಷ್ಟು ಪುಕ್ಕಲು ಹೆಂಗಸನ್ನು ನಾನು ನಮ್ಮ ಹುತ್ತೂರಿನಲ್ಲೇ ಕಂಡಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಗಂಡ ಗಂಗುಲಪ್ಪನ ಜೊತೆ ಆಂಧ್ರದ ಗಡಿ ದಾಟಿ ಬಂದು, ನಮ್ಮ ಹಿಪ್ಪುನೇರಳೆ ತೋಟವನ್ನೂ ರೇಷ್ಮೆ ಹುಳುಮನೆಯನ್ನೂ ಪಾಲಿಗೆ ಹಿಡಿದವಳು. ಯಾರಾದರೂ ಜಗಳಕ್ಕೆ ಬಂದರೆ, ತಪ್ಪು ಅವರದೇ ಆಗಿದ್ದರೂ ಇವಳೇ ಕೈ ಮುಗಿಯುತ್ತಾಳೆ. ನಾನು ಬೈದರೆ, ಬಂದೋರು ನಾವು ಅಕ್ಕಯ್ಯ, ತಗ್ಗಿ ಇರಬೇಕು ಅನ್ನುತ್ತಾಳೆ. ಮಗಳು ಹುಟ್ಟಿ ಬೆಳೆದಿದ್ದೇ ಇಲ್ಲಿ, ಇನ್ನೂ ಯಾವ ಬಂದೋರು ಅಂತ ನನಗೆ ಮೈಯೆಲ್ಲ ಉರಿಯುತ್ತದೆ.

ಆ ಮಗಳು ತ್ರಿವೇಣಿಗೆ ಪೊಲೀಸ್ ಆಗುವ ಹಟ. ತಾಯಿಗೆ ಖಾಕಿ ಕಂಡರೆ ಜೀವ ಹೋಗುತ್ತದೆ. ಹುಟ್ಟೂರಿನಲ್ಲಿ ಇವಳ ಅಣ್ಣನನ್ನು ಎರಡು ದಿನ ಠಾಣೆಯಲ್ಲಿ ಇಟ್ಟುಕೊಂಡಿದ್ದರು. ಬಂದವನು ಮತ್ತೆ ನೆಟ್ಟಗೆ ನಡೆಯಲಿಲ್ಲ. ಅದೇ ಬಟ್ಟೆ ಮಗಳ ಮೈಮೇಲೆ ಬರುತ್ತದೆಂದು ನೆನೆದರೆ ಊಟ ಸೇರುವುದಿಲ್ಲ ಎನ್ನುತ್ತಿದ್ದಳು. ತ್ರಿವೇಣಿ ಬೆಳಗಿನ ಜಾವ ಕೆರೆಕಟ್ಟೆ ಮೇಲೆ ಓಡುತ್ತಿದ್ದರೆ ಇವಳು ಬಾಗಿಲಲ್ಲೇ ನಿಂತಿರುತ್ತಿದ್ದಳು. ಅಮ್ಮ ಮಗಳ ನಡುವೆ ತೆಲುಗಿನಲ್ಲಿ ಶುರುವಾದ ಜಗಳ ಕನ್ನಡದಲ್ಲಿ ಮುಗಿಯುತ್ತಿತ್ತು, ಕೆಲವು ದಿನ ಮುಗಿಯುತ್ತಲೂ ಇರಲಿಲ್ಲ.

ಹುಡುಗಿ ಬರವಣಿಗೆಯ ಪರೀಕ್ಷೆ ಪಾಸಾದಳು. ಗುರುವಾರ ಕೋಲಾರದಲ್ಲಿ ಓಟದ ಪರೀಕ್ಷೆ ಅಂತ ಕಾಗದ ಬಂತು. ಹುಳುಮನೆಯಲ್ಲೂ ಹುಳ ಹಣ್ಣಾಗುವ ಹೊತ್ತು. ಹಣ್ಣಾದ ಹುಳ ಸೊಪ್ಪು ಬಿಟ್ಟು ತಲೆ ಎತ್ತುತ್ತದೆ, ಆಗಲೇ ಆರಿಸಿ, ಗೂಡು ಕಟ್ಟಲು ಇಡುವ ಬಿದಿರಿನ ಚಂದ್ರಿಕೆಯ ಮೇಲೆ ಬಿಡದಿದ್ದರೆ ಸಿಕ್ಕಲ್ಲಿ ನೂಲು ಬಿಟ್ಟು ಗೂಡು ಕೆಡುತ್ತದೆ. ಸುಮ್ಮನೆ ಬಿಟ್ಟರೆ ಮೂರು ನಾಲ್ಕು ದಿನದಲ್ಲಿ ಒಂದಿಷ್ಟೊಂದಿಷ್ಟೇ ಹಣ್ಣಾಗುತ್ತವೆ. ಸೊಪ್ಪಿಗೆ ಚಿಮುಕಿಸುವ ಒಂದು ಔಷಧಿ ಇದೆ, ಅದನ್ನು ಹಾಕಿದರೆ ಮಾರನೆಯ ದಿನಕ್ಕೆಲ್ಲ ಒಟ್ಟಿಗೇ. ಅದರ ಪೊಟ್ಟಣ ಗೋಡೆಯ ಗೂಡಿನಲ್ಲಿ ಕಂಡಿತ್ತು, ಗಂಡ ತಂದಿರಬೇಕು ಅಂದುಕೊಂಡಿದ್ದಳು ಮುನಿಯಲ್ಲಮ್ಮ.

ಬುಧವಾರ ಸಾಯಂಕಾಲ ಯಾರಿಗೂ ಹೇಳದೆ ಅದನ್ನು ನೀರಿಗೆ ಕಲಸಿ ಸೊಪ್ಪಿಗೆ ಚಿಮುಕಿಸಿದಳು. ಅರ್ಧ ನೀರು ಸೀರೆಗೇ ಚೆಲ್ಲಿತಂತೆ. ಗಂಗುಲಪ್ಪನ ಕಣ್ಣು ಮಂಜು, ಹಣ್ಣು ಹುಳ ಯಾವುದು ಕಾಯಿ ಯಾವುದು ಗೊತ್ತಾಗುವುದಿಲ್ಲ. ಆ ವಾರ ಊರಿನ ಹುಳುಮನೆಗಳೆಲ್ಲ ಹಣ್ಣಿಗೆ ಬಂದು ಕೂಲಿಗೆ ಆಳೂ ಇಲ್ಲ. ಪುಕ್ಕಲಿ ಅಂತ ನಾನು ನಗುತ್ತಿದ್ದವಳು ಮಗಳನ್ನು ತಡೆಯಲು ಇಷ್ಟೆಲ್ಲ ಯೋಚಿಸಿದ್ದಳು.

ಗುರುವಾರ ಬೆಳಿಗ್ಗೆ ತ್ರಿವೇಣಿ ಬೂಟು ಹಾಕಿಕೊಂಡು ಹೇಳಿಹೋಗಲು ಹುಳುಮನೆಯ ಬಾಗಿಲಿಗೆ ಬಂದಳು. ಒಳಗೆ ತಟ್ಟೆ ತಟ್ಟೆಯಲ್ಲೂ ಹುಳ ತಲೆ ಎತ್ತಿ ಆಡಿಸುತ್ತಿದ್ದವು. ಅವಳಪ್ಪ ತಡಕಾಡುತ್ತ ಹಣ್ಣನ್ನು ಬಿಟ್ಟು ಕಾಯಿ ಹುಳ ಆರಿಸುತ್ತಿದ್ದ. ಹುಡುಗಿ ಅವನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಬೂಟು ಬಿಚ್ಚಿ ಗೋಡೆಗೆ ಒರಗಿಸಿ ಒಳಗೆ ಬಂದಳು. ನಾನೂ ಸೆರಗು ಕಟ್ಟಿ ಕೂತೆ.

ಕೋಲಾರದ ಬಸ್ಸು ಹೋದ ಸದ್ದು ಕೇಳಿತು, ಯಾರೂ ತಲೆ ಎತ್ತಲಿಲ್ಲ. ಗೆದ್ದೆ ಅಂದುಕೊಳ್ಳಬೇಕಾದ ಮುನಿಯಲ್ಲಮ್ಮ ಬೆವರುತ್ತಿದ್ದಳು. ಮಧ್ಯಾಹ್ನ ಕೊನೆಯ ತಟ್ಟೆಗೆ ಬಂದಾಗ ತ್ರಿವೇಣಿ ಮೆಲ್ಲಗೆ ಅಂದಳು:

"ಆ ಔಷಧಿ ತಂದಿದ್ದು ನಾನು ಕಣಮ್ಮ. ಇವತ್ತು ಕೋಲಾರದಲ್ಲಿ ಓಡಿ ಬಂದು ಸಾಯಂಕಾಲ ಹಾಕಿದ್ರೆ ನಾಳೆ ಹಣ್ಣಾಗುತ್ತೆ, ನಿನ್ ಜೊತೆ ಇರ್ತೀನಿ ಅಂತ ತಂದಿದ್ದೆ."

ಅಷ್ಟೇ. ಕೈ ತೊಳೆದುಕೊಂಡು ಹೋದಳು. ನನಗೆ ಬಂದ ಸಿಟ್ಟಿಗೆ ನಾನೇ ಮುನಿಯಲ್ಲಮ್ಮನಿಗೆ ಬೇಕಾದಷ್ಟು ಅಂದೆ. ಅವಳು ಉಳಿದ ಹುಳಗಳನ್ನು ಒಂದೊಂದಾಗಿ ಚಂದ್ರಿಕೆಗೆ ಬಿಡುತ್ತಿದ್ದಳು.

ಇದಾಗಿ ನಾಲ್ಕು ತಿಂಗಳು. ಹುಡುಗಿ ಮತ್ತೆ ಅರ್ಜಿ ಹಾಕಿದ್ದಾಳೋ ಇಲ್ಲವೋ, ಯಾವಾಗ ಕರೆಯುತ್ತಾರೋ ತಾಯಿಗೆ ಗೊತ್ತಿಲ್ಲ. ಮೊದಲು ಎಲ್ಲಿಗೆ ಹೋಗ್ತೀನಿ, ಎಷ್ಟೊತ್ತಿಗೆ ಬರ್ತೀನಿ ಎಂದು ಹೇಳಿಯೇ ಹೊರಡುತ್ತಿದ್ದವಳು ಈಗ ಏನೂ ಹೇಳುವುದಿಲ್ಲ. ಮುನಿಯಲ್ಲಮ್ಮ ಮಗಳಿಗಿಂತ ಮುಂಚೆ ಎದ್ದು ಗೋಡೆಯ ಹತ್ತಿರ ಹೋಗಿ ಬೂಟು ಇದೆಯಾ ಅಂತ ನೋಡಿ ಆಮೇಲೆ ಹುಳಕ್ಕೆ ಸೊಪ್ಪು ಹಾಕುತ್ತಾಳೆ.

ನಿನ್ನೆ ಎದ್ದು ನೋಡುವಾಗಲೇ ಬೂಟು ಇರಲಿಲ್ಲ. ನನ್ನ ಬಾಗಿಲಿಗೆ ಓಡಿ ಬಂದಳು. ಓಡೋಕೆ ಹೋಗಿರಬೇಕು ಕಣೇ, ದಿನಾ ಹೋಗಲ್ವಾ ಅಂತ ನಾನು ಗದರಿದೆ. ಕೆರೆಕಟ್ಟೆಯ ಮೇಲೆ ಹುಡುಗಿ ಕಾಣುವವರೆಗೂ ಅವಳು ನನ್ನ ಕೈ ಬಿಡಲಿಲ್ಲ.