ಬಾಡಿಗೆ ಕೋಣೆಯ ಮಗ್ಗದ ಗುಂಡಿ

ಎದುರಿಗೆ ಮುಖವಿಲ್ಲದಿದ್ದರೆ ಸುಳ್ಳು ಹೇಳುವುದು ಎಷ್ಟು ಸುಲಭ ಎಂಬುದು ನನಗೆ ಗೊತ್ತಾದದ್ದು ನಿವೃತ್ತನಾದ ಮೇಲೆ. ಯಳಂದೂರಿನ ಶಾಲೆಯಲ್ಲಿ 'ಸುಳ್ಳು ಹೇಳಬಾರದು' ಎಂದು ಎಷ್ಟೋ ಮಕ್ಕಳಿಂದ ಕಾಪಿ ಬರೆಸಿದ ಮೇಷ್ಟ್ರು ನಾನು. ಅಂಥವನು ಹೋದ ವರ್ಷ ಕೊಳ್ಳೇಗಾಲದಲ್ಲಿ ಅಕ್ಕನ ಮನೆಯ ಜಗಲಿಯ ಮೇಲೆ ಕೂತು, ಫೋನು ಕೇಳಿದ ಒಂದು ಪ್ರಶ್ನೆಗೆ ಹೆಬ್ಬೆರಳಿನಿಂದ 'ಇಲ್ಲ' ಎಂದು ಒತ್ತಿದೆ. ಪ್ರಶ್ನೆ ಇಷ್ಟೇ: ನಿಮ್ಮ ಕೋಣೆಯ ನೆಲದಲ್ಲಿ ಗುಂಡಿ ಏನಾದರೂ ಇದೆಯೇ?

ಇತ್ತು. ಮೊಣಕಾಲು ಮುಳುಗುವಷ್ಟು ಆಳದ ಗುಂಡಿ.

ಅಕ್ಕನ ಗಂಡ, ಅಂದರೆ ನನ್ನ ಭಾವ, ರೇಷ್ಮೆ ಸೀರೆ ನೇಯುತ್ತಿದ್ದವರು. ಮುಂದಿನ ಕೋಣೆಯಲ್ಲಿ ಅವರ ಮಗ್ಗವಿತ್ತು. ಗುಂಡಿಯ ಅಂಚಿನಲ್ಲಿ ಕೂತು, ಕಾಲನ್ನು ಒಳಕ್ಕೆ ಇಳಿಬಿಟ್ಟು, ಅಲ್ಲಿನ ಮಣೆಗಳನ್ನು ತುಳಿಯುತ್ತ ನೇಯಬೇಕು. ಒಂದು ವರ್ಷ ಅವರ ಕೈ ನಡುಗಲು ಶುರುವಾಯಿತು. ಮೊದಲು ಎಳೆ ತಪ್ಪಿತು, ಆಮೇಲೆ ಲಾಳಿಯೇ ಕೈ ತಪ್ಪತೊಡಗಿತು. ಮಗ್ಗವನ್ನು ಬಿಚ್ಚಿ ನೆಂಟರೊಬ್ಬರಿಗೆ ಕೊಟ್ಟ ದಿನದಿಂದ ಭಾವ ಮಾತನ್ನೂ ಅದರ ಜೊತೆಗೇ ಕಳಿಸಿಕೊಟ್ಟವರಂತೆ ಸುಮ್ಮನಾದರು. 'ಹೂಂ', 'ಉಂಡೆ', 'ಬೇಡ'. ದಿನಕ್ಕೆ ಅಷ್ಟೇ.

ಒಂದು ದಿನ ಅಕ್ಕ ಹೇಳಿದಳು: "ಈ ಮನೇಲಿ ಗಡಿಯಾರವೇ ಜಾಸ್ತಿ ಮಾತಾಡ್ತದೆ ಕಣ್ಲಾ. ಬೆಟ್ಟಕ್ಕೋಗೋ ಜನ ಫೋನಲ್ಲೇ ನೋಡ್ಕಂಡು ಯಾರ್ಯಾರ್ದೋ ಮನೇಲಿ ರೂಮ್ ತಕತಾರಂತಲ್ಲ, ನಮ್ಮ ಮುಂದ್ಗಡೆ ರೂಮೂ ಅದ್ರಲ್ಲಿ ಆಕ್ಬುಡು. ಯಾರಾರಾ ಬಂದೋಯ್ತಿರ್ಲಿ."

ಹಾಗೆ, ಯಾವ ಜಾಲತಾಣದಲ್ಲಿ ಕೋಣೆ ಹಾಕಬೇಕು ಎಂದು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಇನ್‌ಸ್ಪೆಕ್ಟರು ಶಾಲೆಗೆ ಬರುವ ಹಿಂದಿನ ವಾರದ ಶ್ರದ್ಧೆಯಿಂದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಮೂರು ತಾಣಗಳ ಗುಣದೋಷ ಬರೆದೆ. ಮೊದಲನೆಯದು ಬಹಳ ದೊಡ್ಡದು. ಅದರಲ್ಲಿ ಮನೆಯವರು ಮನೆಯಲ್ಲೇ ಇರಬೇಕಾಗಿಲ್ಲ. ಬಾಗಿಲ ಪಕ್ಕದ ಪೆಟ್ಟಿಗೆಗೆ ಅಂಕಿ ಒತ್ತಿದರೆ ಬೀಗದ ಕೈ ಸಿಗುತ್ತದೆ. ನಾನೇ ಕಂಡುಹಿಡಿದವನಂತೆ ಅಕ್ಕನಿಗೆ ವಿವರಿಸಿದೆ.

"ಮನೆಯೋರ ಮಕ ನೋಡ್ದೆ ಒಳೀಕೋಗೋನ್ಗೆ ನೆಂಟ ಅಂತಾರೇನ್ಲಾ? ಅವ್ನಿಗೆ ಬ್ಯಾರೆ ಎಸ್ರು ಅದೆ," ಎಂದಳು. ಮೊದಲನೆಯದಕ್ಕೆ ಅಡ್ಡಗೆರೆ ಬಿತ್ತು.

ಮೂರನೆಯದು ತೀರ ಸಣ್ಣದು. ಬರುವವರು ಮೊದಲು ಮನೆಯವರಿಗೆ ಫೋನು ಮಾಡಿ ಮಾತಾಡಬೇಕು. ಇಬ್ಬರಿಗೂ ಒಪ್ಪಿಗೆಯಾದರೆ ಮಾತ್ರ ಕೋಣೆ. ಈ ಕಾಲದಲ್ಲಿ ಇದೆಂಥ ಹೆಣ್ಣು ನೋಡುವ ಶಾಸ್ತ್ರ ಎಂದು ಅದನ್ನು ಪಕ್ಕಕ್ಕಿಟ್ಟೆ. ನನ್ನ ಮನಸ್ಸು ಹೋದದ್ದು ಎರಡನೆಯದರ ಮೇಲೆ. ಅದರಲ್ಲಿ ನಕ್ಷತ್ರ, ದರ್ಜೆ, ಮೊದಲ ಸ್ಥಾನ, ಎರಡನೇ ಸ್ಥಾನ, ಎಲ್ಲ ಇದ್ದವು. ಅಂಕಪಟ್ಟಿ ಕಂಡರೆ ಮೇಷ್ಟ್ರುಗಳಿಗೆ ಕಾಲು ನಿಲ್ಲುವುದಿಲ್ಲ.

ಅತಿಥಿ ಎಂದರೆ ತಿಥಿ ಗೊತ್ತುಮಾಡದೆ ಬರುವವನು ಎಂದು ಪಾಠ ಹೇಳಿದ್ದೆ. ಈ ತಾಣಗಳಲ್ಲೋ ತಿಥಿ ಒತ್ತದೆ ಬಾಗಿಲೇ ಕಾಣುವುದಿಲ್ಲ. ತಪ್ಪೆನ್ನಲಾರೆ. ಹೇಳದೆ ಬಂದ ಅತಿಥಿಗಾಗಿ ಅಕ್ಕಪಕ್ಕದಲ್ಲಿ ಅಕ್ಕಿ ಕೇಳಿ ತಂದ ಹೆಂಗಸರನ್ನು ವಿಚಾರಿಸಿದರೆ ಕ್ಯಾಲೆಂಡರೇ ವಾಸಿ ಎಂದಾರು.

ಇರಲಿ. ಎರಡನೆಯ ತಾಣದ ಗುಂಡಿಯ ಪ್ರಶ್ನೆಗೆ 'ಇಲ್ಲ' ಎಂದು ಒತ್ತಿಯಾಗಿತ್ತು. ಇನ್ನು ಆ ಸುಳ್ಳನ್ನು ನಿಜ ಮಾಡಬೇಕಿತ್ತು. ಭಾವ ಹನೂರಿನ ನೆಂಟರ ಮನೆಗೆ ಹೋಗಿದ್ದ ದಿನ ಗಾರೆ ಕೆಲಸದ ಮಾದೇಶನನ್ನು ಕರೆಸಿದೆ. ಅವನು ಮಂಕರಿಯಲ್ಲಿ ಮರಳು ತಂದು ಸುರಿಯತೊಡಗಿದ. ಅಕ್ಕ ಬಾಗಿಲಲ್ಲಿ ನಿಂತು, "ಅವ್ರ್ನ ಒಂದ್ಮಾತು ಕೇಳ್ಬೇಕಿತ್ತು ಕಣ್ಲಾ," ಎಂದಳು.

"ಕಣ್ಣಿಗೆ ಕಂಡ್ರೆ ತಾನೆ ಸಂಕಟ? ಮುಚ್ಚೋದ್ರೆ ಮರೀತಾರೆ ಬುಡು," ಎಂದೆ.

"ಪೂರ್ತಿ ಮುಚ್ಬುಡದಾ ಸಾ?" ಎಂದ ಮಾದೇಶ.

"ಪೂರ್ತಿ."

ಸಂಜೆಗೆ ಬರಬೇಕಿದ್ದ ಭಾವ ಮಧ್ಯಾಹ್ನದ ಬಸ್ಸಿಗೇ ಬಂದರು. ಬಾಗಿಲಲ್ಲಿ ನಿಂತು ನೋಡಿದರು. ನಾನು ಟೈಲ್ಸು, ಸೋಫಾ, ಅಂದಚಂದ ಎಂದು ಏನೋ ಬಡಬಡಿಸಿದೆ. ಅವರು ನನ್ನ ಕಡೆ ತಿರುಗಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು, ಗುಂಡಿಯ ಅಂಚಿನಲ್ಲಿ ತಮ್ಮ ಮಾಮೂಲು ಜಾಗದಲ್ಲಿ ಕೂತು, ಕಾಲು ಇಳಿಬಿಟ್ಟರು. ಮರಳು ಅರ್ಧಕ್ಕೇ ತಡೆಯಿತು. ಮೊಣಕಾಲು ಎದೆಯ ಹತ್ತಿರಕ್ಕೆ ಬಂತು. ಹಾಗೇ ಕೂತು ಕೇಳಿದರು:

"ಮೇಷ್ಟ್ರೇ, ನನ್ ಕಾಲ್ನ ಎಲ್ಲಿಡ್ಲಿ?"

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ನಿಜವಾಗಿಯೂ ಗೊತ್ತಿಲ್ಲದೆ ಕೇಳುವವರ ದನಿ ಅದು. ಉತ್ತರ ಬಾರದೆ ತಲೆ ತಗ್ಗಿಸಿ ನಿಂತ ಎಷ್ಟು ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆನೋ. ಅವತ್ತು ಹಾಗೆ ನಿಂತವನು ನಾನು.

ಅಕ್ಕ ಬಂದು ಅವರ ಪಕ್ಕ ಕೂತು, ಬೊಗಸೆಯಲ್ಲಿ ಮರಳು ತೆಗೆದು ಮಂಕರಿಗೆ ಹಾಕತೊಡಗಿದಳು. ಮಾದೇಶ ಸಲಿಕೆ ಬದಿಗಿಟ್ಟು ತಾನೂ ಬಗ್ಗಿದ. ಕೊನೆಗೆ ನಾನು. ಭಾವನೂ ಸೇರಿ ನಾಲ್ವರೂ ತೋಡಿದೆವು. ತಳದಲ್ಲಿ ಭಾವನ ಹಿಮ್ಮಡಿಗಳು ಸವೆಸಿದ ಎರಡು ತಗ್ಗುಗಳಿದ್ದವು. ಅವರು ಪಾದಗಳನ್ನು ಅಲ್ಲಿ ಇಟ್ಟರು. ನಾನು ಎದ್ದು ಹಿತ್ತಲಿಗೆ ಹೋಗಿ ಬಹಳ ಹೊತ್ತು ಕೈ ತೊಳೆದೆ.

ಮಾರನೆಯ ದಿನವೇ ಎರಡನೆಯ ತಾಣದಿಂದ ಹೆಸರು ತೆಗೆದು, ಸಣ್ಣ ತಾಣದಲ್ಲಿ ಬರೆದೆ: 'ಕೋಣೆಯಲ್ಲಿ ಮಗ್ಗದ ಗುಂಡಿ ಇದೆ. ಹಲಗೆ ಮುಚ್ಚಿರುತ್ತೇವೆ. ಸಣ್ಣ ಮಕ್ಕಳಿದ್ದರೆ ಮೊದಲೇ ತಿಳಿಸಿ.' ಎರಡು ತಿಂಗಳು ಒಂದು ನರಪಿಳ್ಳೆಯೂ ಫೋನು ಮಾಡಲಿಲ್ಲ.

ಆಮೇಲೆ ಮೈಸೂರಿನ ದಂಪತಿಗಳು ಕೇಳಿದರು. ಬಿಳಿಗಿರಿರಂಗನ ಬೆಟ್ಟ ನೋಡಬೇಕಂತೆ. "ಗುಂಡಿ ಅದೆ ಕಣ್ರಿ, ಓದ್ಕಂಡ್ರಾ?" ಎಂದು ಅಕ್ಕ ಎರಡು ಸಲ ವಿಚಾರಿಸಿ ಒಪ್ಪಿದಳು. ಬಂದ ಮೇಲೆ ನೋಡಿದರೆ ಗಂಡನಿಗೆ ಮಂಡಿಯ ಆಪರೇಷನ್ ಆಗಿತ್ತು. ನೆಲಕ್ಕೆ ಕೂರುವಂತಿಲ್ಲ, ಅಕ್ಕನ ಮನೆಯಲ್ಲಿ ಊಟದ ಮೇಜಿಲ್ಲ. ಅಕ್ಕ ಎಲೆ ಹಿಡಿದುಕೊಂಡು ಪೇಚಾಡುತ್ತಿದ್ದಾಗ, ಮೂಲೆಯಲ್ಲಿದ್ದ ಭಾವ ಎದ್ದು ಬಂದು ಹಲಗೆಯನ್ನು ಅರ್ಧ ಸರಿಸಿದರು.

"ಇಲ್ ಕುಂತ್ಕಳಿ ಸಾ. ಕಾಲ್ನ ಇಳೀಬುಡಿ. ಮಂಡಿ ಮಡಿಸೋ ತಂಟೆ ಇಲ್ಲ, ಬೆನ್ನೂ ನೋಯಾಕಿಲ್ಲ. ನಲವತ್ತೊರ್ಸ ನಾನಿಲ್ಲೇ ಕುಂತಿದ್ದೋನು."

ಉಳಿದರ್ಧ ಹಲಗೆಯ ಮೇಲೆ ಎಲೆ ಹಾಕಿದ್ದಾಯಿತು. ಮೈಸೂರಿನವರು ಆರಾಮವಾಗಿ ಕೂತು, ಅನ್ನ ಕಲಸುತ್ತ, "ನಲವತ್ತು ವರ್ಷ ಇಲ್ಲಿ ಕೂತು ಏನು ಮಾಡ್ತಿದ್ರಿ?" ಎಂದು ಕೇಳಿದರು.

ಭಾವ ಹೇಳತೊಡಗಿದರು. ಸಾರು ಮುಗಿದು ಮಜ್ಜಿಗೆ ಬಂತು, ಎಲೆ ಎತ್ತಿ ಕಾಫಿಯೂ ಬಂತು, ಅವರ ಮೊದಲ ಸೀರೆಯ ಅಂಚೇ ಇನ್ನೂ ಮುಗಿದಿರಲಿಲ್ಲ. ಅಕ್ಕ ಸೌಟು ಹಿಡಿದುಕೊಂಡೇ ಅಡಿಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟಿದ್ದಳು.

ದಂಪತಿಗಳು ಹೋದ ವಾರಕ್ಕೆ ತಾಣದಲ್ಲಿ ಅಭಿಪ್ರಾಯ ಬಂತು. ಅಕ್ಕನಿಗೆ ಓದಿ ಹೇಳತೊಡಗಿದೆ. ಐದಕ್ಕೆ ಮೂರು ನಕ್ಷತ್ರ. ಬಿಸಿನೀರು ತಡ, ರಸ್ತೆಯಲ್ಲಿ ಹಾರನ್ ಗಲಾಟೆ. ಬರೆದವರು ಹೆಂಡತಿ ಇರಬೇಕು. ಪಾಪ, ಅವತ್ತು ಅವರಿಗೆ ಮಧ್ಯಾಹ್ನದ ನಿದ್ದೆ ಸಿಕ್ಕಿರಲಿಲ್ಲ. ಕೊನೆಯ ಸಾಲನ್ನು ಬಿಟ್ಟು ಓದೋಣವೆನಿಸಿತು. ಅಷ್ಟರಲ್ಲಿ ಅಕ್ಕ ನನ್ನ ಮುಖ ನೋಡಿಬಿಟ್ಟಿದ್ದಳು. ಓದಿದೆ: 'ಮನೆಯ ಯಜಮಾನರು ಮಾತು ಬಹಳ ಆಡುತ್ತಾರೆ. ವಿಶ್ರಾಂತಿ ಬೇಕಾದವರು ಗಮನಿಸಿ.'

ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು ಹತ್ತಿರ ಬಂದು ಕೂತಳು.

"ಅದೊಂದ್ನ ಇನ್ನೊಂದ್ಸಲ ಓದು ಕಣ್ಲಾ," ಎಂದಳು.

ಓದಿದೆ. ಒಳಗೆ ಭಾವ, ಕೋಣೆ ಕೇಳಿ ಫೋನು ಮಾಡಿದ ಯಾರಿಗೋ ಗುಂಡಿಯ ಉದ್ದ, ಅಗಲ, ಆಳ ವಿವರಿಸುತ್ತಿದ್ದರು.